ಬಣ್ಣ ಕೊನೆಗೆ, ಕೊಳವೆ ಮೊದಲು: ಅಪಾರ್ಟ್‌ಮೆಂಟ್ ಅಡುಗೆಮನೆಯನ್ನು ಹೊಸದಾಗಿ ಮಾಡಿಸುವವರಿಗೆ

ಅಡುಗೆಮನೆಯನ್ನು ಹೊಸದಾಗಿ ಮಾಡಿಸೋಣ ಎಂದು ಮನಸ್ಸು ಬಂದ ದಿನವೇ ಕಪಾಟಿನ ಬಾಗಿಲಿಗೆ ಯಾವ ಬಣ್ಣ ಎಂಬ ಚರ್ಚೆ ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಬಣ್ಣ ಒಪ್ಪಿಗೆಯಾಗಲು ಮೂರು ವಾರ ಹಿಡಿಯಿತು. ಸಿಂಕನ್ನು ಕಿಟಕಿಯ ಕೆಳಗೆ ತರಬೇಕೆಂಬ ತೀರ್ಮಾನಕ್ಕೆ ಮೂರು ನಿಮಿಷ ಸಾಕಾಯಿತು. ಆ ಹೊಸ ಜಾಗಕ್ಕೂ ಕೊಳಚೆ ಪೈಪು ಇಳಿಯುವ ಶಾಫ್ಟಿಗೂ 3 ಮೀಟರ್ ದೂರವಿತ್ತು, ನಡುವೆ ಒಂದು ಬಾಗಿಲೂ ಇತ್ತು. ಹಾಗಾಗಿ ಪೈಪು ನೆಲದೊಳಗೇ ಹಾಯಬೇಕಾಯಿತು. ನೀರು ತಾನಾಗಿ ಹರಿಯಲು ಪ್ರತಿ ಮೀಟರಿಗೆ ಕನಿಷ್ಠ 2 ಸೆಂಟಿಮೀಟರ್ ಇಳಿಜಾರು (ವಾಟ) ಬೇಕು, ಅಂದರೆ 3 ಮೀಟರಿಗೆ 6 ಸೆಂ.ಮೀ. ನಮ್ಮ ನೆಲದಲ್ಲಿ ಟೈಲ್ಸಿಗೂ ಸ್ಲ್ಯಾಬಿಗೂ ನಡುವೆ ಇದ್ದದ್ದು 5 ಸೆಂ.ಮೀ., ಅದರಲ್ಲಿ ಪೈಪಿನ ದಪ್ಪವೇ 4. ಕೆಲಸಕ್ಕೆ ಬಂದವರು ‘ಹರಿಯುತ್ತದೆ ಬಿಡಿ’ ಎಂದರು. ಹರಿಯಲಿಲ್ಲ. ಆರು ತಿಂಗಳ ನಂತರ ಹೊಸ ಟೈಲ್ಸ್ ಒಡೆಸಿ, ಸಿಂಕನ್ನು ಮೊದಲಿದ್ದ ಮೂಲೆಗೇ ಕಳಿಸಿದೆವು. ಬಾಗಿಲುಗಳ ಬಣ್ಣ ಮಾತ್ರ ಬಹಳ ಚೆನ್ನಾಗಿತ್ತು.

ಕೆಳಗೆ ಬರೆದಿರುವ ಕ್ರಮ ಆ ಆರು ತಿಂಗಳಲ್ಲಿ ಕಲಿತದ್ದು. ಇದರಲ್ಲಿ ಕಣ್ಣಿಗೆ ಕಾಣದ ಕೆಲಸಗಳೆಲ್ಲ ಮೊದಲು ಬರುತ್ತವೆ, ಕಾಣುವಂಥವು ಆಮೇಲೆ.

ಮೊದಲ ಹೆಜ್ಜೆ: ಒಂದು ವಾರ ಸುಮ್ಮನೆ ನೋಡಿ

ಅಳತೆ ಪಟ್ಟಿ ಹಿಡಿಯುವ ಮೊದಲು ಒಂದು ಕಾಗದವನ್ನು ಫ್ರಿಜ್ ಮೇಲೆ ಅಂಟಿಸಿ. ಅಡುಗೆ ಮಾಡುವಾಗ ಎಲ್ಲಿ ಕಿರಿಕಿರಿಯಾಯಿತೋ ಆಗಲೇ ಬರೆದುಬಿಡಿ. ಬಿಸಿ ಪಾತ್ರೆಯನ್ನು ಇಳಿಸಲು ಜಾಗವಿರಲಿಲ್ಲ, ಫ್ರಿಜ್ ಬಾಗಿಲು ತೆರೆದರೆ ಓಡಾಟ ನಿಂತುಹೋಯಿತು, ಹೆಚ್ಚುವ ಜಾಗದಲ್ಲಿ ನನ್ನದೇ ನೆರಳು ಬಿತ್ತು, ತೊಳೆದ ಪಾತ್ರೆಯ ನೀರು ಒಲೆಯ ಬಳಿಗೆ ಹರಿಯಿತು. ಇಂಥ ಹತ್ತು ಸಾಲು ಸಿಕ್ಕರೆ ನಿಮ್ಮ ವಿನ್ಯಾಸದ ಅರ್ಧ ಕೆಲಸ ಮುಗಿದಂತೆ. ಮಳಿಗೆಯ ಮಾದರಿ ಅಡುಗೆಮನೆಯಲ್ಲಿ ಯಾರೂ ಅಡುಗೆ ಮಾಡಿರುವುದಿಲ್ಲ. ಅಲ್ಲಿ ಈ ಸಾಲುಗಳು ಸಿಗುವುದಿಲ್ಲ.

ಚಿಕ್ಕ ಫ್ಲಾಟಿನ ಅಡುಗೆಮನೆಯನ್ನು ಹೀಗೆ ಚಲನೆಯಿಂದಲೇ ಯೋಚಿಸಿದವರಲ್ಲಿ ಬಹಳ ಹೆಸರಾದವರು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೊಟ್ಸ್ಕಿ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗೆಂದು 1926ರಲ್ಲಿ ಅವರು ರೂಪಿಸಿದ ಅಡುಗೆಮನೆಯ ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ಅಡುಗೆ ನಡೆಯುವುದು ಹೇಗೆ ಎಂಬುದನ್ನು ಅವರು ರೈಲಿನ ಊಟದ ಬೋಗಿಗಳ ಅಡುಗೆ ಕೋಣೆಗಳನ್ನು ನೋಡಿ ಕಲಿತರು. ಸುಮಾರು 10,000 ಮನೆಗಳಲ್ಲಿ ಆ ಅಡುಗೆಮನೆ ಬಂತು, ಇಂದಿನ ಜೋಡಣೆಯ (ಮಾಡ್ಯುಲರ್) ಅಡುಗೆಮನೆಗಳಿಗೆಲ್ಲ ಅದೇ ಮೂಲ ಎನ್ನುತ್ತಾರೆ. ಅದರ ದೋಷವೂ ಪಾಠವೇ: ಅಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿರಲಿಲ್ಲ. ನಿಮ್ಮ ಮನೆಯಲ್ಲಿ ಒಟ್ಟಿಗೆ ಎಷ್ಟು ಜನ ಅಡುಗೆ ಮಾಡುತ್ತೀರಿ ಎಂಬುದನ್ನೂ ಆ ಕಾಗದದಲ್ಲಿ ಬರೆಯಿರಿ.

ಎರಡನೆಯದು: ಮುಟ್ಟಬಾರದ್ದರ ಪಟ್ಟಿ

ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಗೂ ಫ್ಲಾಟಿಗೂ ಇರುವ ದೊಡ್ಡ ವ್ಯತ್ಯಾಸ ಇದು: ಫ್ಲಾಟಿನಲ್ಲಿ ನಿಮ್ಮ ನೆಲ ಇನ್ನೊಬ್ಬರ ಚಾವಣಿ, ನಿಮ್ಮ ಗೋಡೆ ಇಡೀ ಕಟ್ಟಡದ ಬೆನ್ನೆಲುಬಾಗಿರಬಹುದು. ಗೋಡೆ ಕೆಡವಿ ಅಡುಗೆಮನೆಯನ್ನು ಹಜಾರಕ್ಕೆ ತೆರೆಯುವ ಆಸೆ ಇದ್ದರೆ ಮೊದಲು ಯಾವ ಗೋಡೆ, ಕಂಬ ಭಾರ ಹೊರುತ್ತದೆ ಎಂದು ತೋರಿಸುವ ಕಟ್ಟಡದ ಸ್ಟ್ರಕ್ಚರಲ್ ನಕ್ಷೆ ತರಿಸಿಕೊಳ್ಳಿ. ಹೊಸ ಬಹುಮಹಡಿ ಕಟ್ಟಡಗಳಲ್ಲಿ ಹಲವನ್ನು ಅಲ್ಯೂಮಿನಿಯಂ ಅಚ್ಚುಗಳಲ್ಲಿ ಕಾಂಕ್ರೀಟ್ ಸುರಿದು ಕಟ್ಟಿರುತ್ತಾರೆ. ಅಲ್ಲಿ ಒಳಗೋಡೆಗಳೂ ಭಾರ ಹೊರುತ್ತವೆ. ಕೆಡವುವುದಿರಲಿ, ಪೈಪಿಗೆಂದು ಅಡ್ಡಲಾಗಿ ಕೊರೆದರೂ ಒಳಗಿನ ಕಬ್ಬಿಣ ತುಂಡಾಗುತ್ತದೆ. ಕಾಂಕ್ರೀಟಿನೊಳಗೆ ಉಕ್ಕಿನ ತಂತಿಗಳನ್ನು ಎಳೆದು ಬಿಗಿದ ಸ್ಲ್ಯಾಬ್ ಇರುವ ಕಟ್ಟಡದಲ್ಲಿ ನೆಲಕ್ಕೋ ಚಾವಣಿಗೋ ಆಳವಾಗಿ ಡ್ರಿಲ್ ಹಾಕುವುದು ಇನ್ನೂ ಅಪಾಯಕಾರಿ. ಮೇಸ್ತ್ರಿ ಗೋಡೆಯನ್ನು ತಟ್ಟಿ ನೋಡಿ ‘ಇದು ಬರೀ ಇಟ್ಟಿಗೆ’ ಎಂದರೆ ಅದನ್ನು ಅಭಿಪ್ರಾಯ ಎಂದು ತಿಳಿಯಿರಿ. ಕಾಗದದಲ್ಲಿ ಬರೆದು ಸಹಿ ಹಾಕುವ ಎಂಜಿನಿಯರ್ ಬೇಕು.

ಇದನ್ನು ಅತಿ ಎನ್ನುವವರಿಗೆ ನಾನು ಲಂಡನ್ನಿನ ರೋನನ್ ಪಾಯಿಂಟ್ ಕಟ್ಟಡದ ಕಥೆ ಹೇಳುತ್ತೇನೆ. 22 ಮಹಡಿಯ ಆ ಕಟ್ಟಡದ 18ನೇ ಮಹಡಿಯಲ್ಲಿ 1968ರ ಮೇ 16ರ ಬೆಳಗ್ಗೆ ಒಬ್ಬ ಮಹಿಳೆ ಒಲೆ ಹೊತ್ತಿಸಿದರು. ಒಲೆಗೆ ಅನಿಲದ ಕೊಳವೆ ಜೋಡಿಸಿದ್ದ ಒಂದು ಹಿತ್ತಾಳೆ ನಟ್ ಕಳಪೆಯಾಗಿತ್ತು, ಅನಿಲ ಸೋರಿತ್ತು. ಸ್ಫೋಟಕ್ಕೆ ಭಾರ ಹೊರುವ ಗೋಡೆಯ ಫಲಕಗಳು ಹೊರಗೆ ಹಾರಿದವು. ಆಧಾರ ತಪ್ಪಿದ ಮೇಲಿನ ಮಹಡಿಗಳು ಬಿದ್ದವು, ಅವುಗಳ ಭಾರಕ್ಕೆ ಕೆಳಗಿನವೂ ಕುಸಿದವು. ಕಟ್ಟಡದ ಒಂದು ಮೂಲೆಯೇ ಇಲ್ಲವಾಯಿತು, ನಾಲ್ವರು ಸತ್ತರು. ಒಲೆ ಹೊತ್ತಿಸಿದಾಕೆ ಬದುಕುಳಿದರು. ಎಲ್ಲ ಕಟ್ಟಡಗಳೂ ಅಷ್ಟು ದುರ್ಬಲವಲ್ಲ. ಆದರೂ ಗೋಡೆ ಮತ್ತು ಅನಿಲ, ಈ ಎರಡರಲ್ಲಿ ‘ನಡೆಯುತ್ತದೆ ಬಿಡಿ’ ಎಂಬ ಮಾತಿಗೆ ಜಾಗವಿಲ್ಲ.

ಪಟ್ಟಿಯಲ್ಲಿ ಇನ್ನು ಬರಬೇಕಾದವು: ಕೊಳಚೆ ಪೈಪಿನ ಶಾಫ್ಟ್, ಅನಿಲದ ಕೊಳವೆ ಒಳಬರುವ ಜಾಗ, ಹೊಗೆ ಹೊರಹೋಗುವ ದಾರಿ, ಮನೆಗೆ ಮಂಜೂರಾದ ವಿದ್ಯುತ್ ಲೋಡ್ (ಒಟ್ಟಿಗೆ ಎಷ್ಟು ವಿದ್ಯುತ್ ಎಳೆಯಬಹುದು ಎಂಬ ಮಿತಿ). ನಿವಾಸಿಗಳ ಸಂಘದ ಲಿಖಿತ ಒಪ್ಪಿಗೆ ಪಡೆಯಿರಿ. ಕೆಳಗಿನ ಮನೆಯವರ ಅನುಮತಿ ಕೇಳಿ ಅವರ ಅಡುಗೆಮನೆಯ ಚಾವಣಿಯ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಅಲ್ಲಿ ತೇವದ ಕಲೆ ಕಂಡರೆ ಅದು ಹಳೆಯದೋ ಹೊಸದೋ ಎಂಬ ಜಗಳ ತಪ್ಪುತ್ತದೆ.

ಮೂರನೆಯದು: ನೆಲದ ಮೇಲೆ ನಕ್ಷೆ

ಒಲೆ, ಸಿಂಕ್, ಫ್ರಿಜ್ ಸೇರಿ ಒಂದು ತ್ರಿಕೋನವಾಗಬೇಕು, ಅದರ ಮೂರು ಬದಿಗಳ ಒಟ್ಟು ಅಳತೆ 4ರಿಂದ 8 ಮೀಟರಿನೊಳಗಿರಬೇಕು ಎಂಬ ಸೂತ್ರ ಎಲ್ಲ ಕಡೆ ಕೇಳಿಬರುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ರೂಪುಗೊಂಡ ಸೂತ್ರ ಅದು. ನನ್ನ ಅನುಭವದಲ್ಲಿ ಫ್ಲಾಟುಗಳಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ. ಜಾಗವೇ ಚಿಕ್ಕದಾದಾಗ ದೂರ ತಾನಾಗಿಯೇ ಕಡಿಮೆ ಇರುತ್ತದೆ, ಒಂದೇ ಸಾಲಿನ ಅಡುಗೆಮನೆಯಲ್ಲಂತೂ ತ್ರಿಕೋನವೇ ಆಗುವುದಿಲ್ಲ. ನೋಡಬೇಕಾದದ್ದು ಸರದಿ. ಪದಾರ್ಥ ಹೊರಬರುತ್ತದೆ, ತೊಳೆಯುತ್ತೇವೆ, ಹೆಚ್ಚುತ್ತೇವೆ, ಬೇಯಿಸುತ್ತೇವೆ, ಬಡಿಸುತ್ತೇವೆ. ಕಟ್ಟೆಯ ಮೇಲೆ ಜಾಗಗಳೂ ಇದೇ ಸರದಿಯಲ್ಲಿದ್ದರೆ ಕೈಗೆ ಕೈ ಅಡ್ಡ ಬರುವುದಿಲ್ಲ.

ಕಟ್ಟೆಯ ಆಳ 60 ಸೆಂ.ಮೀ. ಇರಲಿ. ಸಿಂಕಿಗೂ ಒಲೆಗೂ ನಡುವೆ ಹೆಚ್ಚಲು, ಕಲಸಲು ಬಿಡುವಾದ 90 ಸೆಂ.ಮೀ. ಸಿಕ್ಕರೆ ಅದೇ ಅಡುಗೆಮನೆಯ ಹೃದಯ. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಟ್ಟುಕೊಡಬೇಡಿ. ಒಲೆಯ ಎರಡೂ ಪಕ್ಕ ಕನಿಷ್ಠ 30 ಸೆಂ.ಮೀ., ಫ್ರಿಜ್ ಬಾಗಿಲು ತೆರೆಯುವ ಕಡೆ 40 ಸೆಂ.ಮೀ. ಕಟ್ಟೆ ಬೇಕು. ಓಡಾಡುವ ದಾರಿ ಒಬ್ಬರಿಗಾದರೆ 1 ಮೀಟರ್, ಇಬ್ಬರಿಗಾದರೆ 1.2 ಮೀಟರ್. ಹೀಗೆ ಲೆಕ್ಕ ಹಾಕಿದರೆ ಎದುರು ಬದುರು ಎರಡು ಪೂರ್ಣ ಕಟ್ಟೆಗಳಿಗೆ ಕೋಣೆಯ ಅಗಲ 2.2 ಮೀಟರ್ ಆದರೂ ಬೇಕು. 1.9 ಮೀಟರೇ ಇದ್ದರೆ ಒಂದು ಬದಿ 60, ಇನ್ನೊಂದು ಬದಿ 30 ಸೆಂ.ಮೀ. ಆಳದ ತೆಳು ಕಪಾಟು ಮಾಡಿಸಿ. ತೆಳು ಕಪಾಟಿಗೆ ಮೂಗು ಮುರಿಯುವವರಿದ್ದಾರೆ. ಡಬ್ಬಗಳು ಒಂದರ ಹಿಂದೊಂದು ಅಡಗದೆ ಒಂದೇ ಸಾಲಿನಲ್ಲಿ ಕಣ್ಣಿಗೆ ಕಾಣುವ ಸುಖ ಅದನ್ನು ಬಳಸಿದವರಿಗೇ ಗೊತ್ತು.

ನಕ್ಷೆ ಕಾಗದದಲ್ಲಿ ಸರಿ ಎನಿಸಿದ ಮೇಲೆ ಅದನ್ನು ಅಂಟುಪಟ್ಟಿಯಿಂದ ನೆಲದ ಮೇಲೆ ನಿಜ ಅಳತೆಯಲ್ಲಿ ಎಳೆಯಿರಿ. ಫ್ರಿಜ್ಜಿಗೆ ಒಂದು ರಟ್ಟಿನ ಪೆಟ್ಟಿಗೆ, ಒಲೆಗೆ ಒಂದು ದಿನಪತ್ರಿಕೆ. ಆ ಗೆರೆಗಳ ನಡುವೆ ಬರಿಗೈಯಲ್ಲಿ ಒಂದು ಅಡುಗೆ ‘ಮಾಡಿ’. ಮನೆಯವರು ನಗುತ್ತಾರೆ, ನಗಲಿ. ನಮ್ಮ ಎರಡನೇ ಸುತ್ತಿನ ಕೆಲಸದಲ್ಲಿ ಓವನ್ ಬಾಗಿಲು ತೆರೆದರೆ ಮೂಲೆಯ ಡ್ರಾಯರ್ ತೆರೆಯುವುದೇ ಇಲ್ಲ ಎಂಬುದು ಗೊತ್ತಾದದ್ದು ಈ ನಾಟಕದಲ್ಲೇ.

ಕಟ್ಟೆಯ ಎತ್ತರ ಎಷ್ಟಿರಬೇಕು? 85ರಿಂದ 90 ಸೆಂ.ಮೀ. ಎಂದು ಹೇಳಿ ಮುಗಿಸುವವರೇ ಹೆಚ್ಚು. ನೇರ ನಿಂತು ಮೊಣಕೈ ಮಡಚಿ; ಮೊಣಕೈಯಿಂದ 10ರಿಂದ 15 ಸೆಂ.ಮೀ. ಕೆಳಗೆ ಬರುವುದು ನಿಮ್ಮ ಕಟ್ಟೆಯ ಎತ್ತರ. ಇಬ್ಬರ ಎತ್ತರ ಬೇರೆಯಾದರೆ ಹೆಚ್ಚು ಹೊತ್ತು ಅಡುಗೆ ಮಾಡುವವರ ಲೆಕ್ಕ ಹಿಡಿಯಿರಿ, ಎತ್ತರದವರಿಗೆ ದಪ್ಪನೆಯ ಹೆಚ್ಚುವ ಮಣೆ ಕೊಟ್ಟರಾಯಿತು. ಕೆಳಗಿನ ಕಪಾಟಿನ ಬುಡದಲ್ಲಿ ಪಾದ ಒಳಸರಿಯಲು 10 ಸೆಂ.ಮೀ. ಎತ್ತರ, 7 ಸೆಂ.ಮೀ. ಆಳದ ಜಾಗ ಬಿಡಿಸಿ. ಅದಿಲ್ಲದಿದ್ದರೆ ಮುಂದೆ ಬಾಗಿ ನಿಲ್ಲಬೇಕಾಗುತ್ತದೆ, ಸಂಜೆಗೆ ಬೆನ್ನು ನೋಯುತ್ತದೆ.

ನಾಲ್ಕನೆಯದು: ನೀರು, ವಿದ್ಯುತ್, ಅನಿಲ, ಗಾಳಿ

ನೀರಿನ ವಿಷಯ ಆಗಲೇ ಹೇಳಿದ್ದೇನೆ: ಸಿಂಕ್ ಇದ್ದಲ್ಲೇ ಇರುವುದು ಉತ್ತಮ. ಸರಿಸಲೇಬೇಕಾದರೆ ಕಪಾಟಿನ ಹಿಂದೆ, ನೆಲದ ಮೇಲೆಯೇ ಪೈಪು ಹೋಗುವ ಹಾಗೆ ಅದೇ ಗೋಡೆಯ ಉದ್ದಕ್ಕೆ ಸರಿಸಿ. ಸಿಂಕಿನ ಬಾಯಿ ನೆಲಕ್ಕಿಂತ ಸಾಕಷ್ಟು ಮೇಲಿರುವುದರಿಂದ ವಾಟ ಸುಲಭವಾಗಿ ಸಿಗುತ್ತದೆ. ಸಿಂಕಿನ ಕೆಳಗಿನ ಬಾಗಿದ ಟ್ರ್ಯಾಪ್ ಪೈಪನ್ನು ಜಾಗ ಉಳಿಸಲೆಂದು ತೆಗೆಸಬೇಡಿ. ಅದರಲ್ಲಿ ನಿಲ್ಲುವ ಸ್ವಲ್ಪ ನೀರೇ ಶಾಫ್ಟಿನ ದುರ್ವಾಸನೆ ಒಳಬರದಂತೆ ತಡೆಯುವುದು.

ವಿದ್ಯುತ್ತಿಗೆ ಒಂದು ಸಣ್ಣ ಕೂಡುವ ಲೆಕ್ಕ. 230 ವೋಲ್ಟಿನಲ್ಲಿ 16 ಆಂಪಿಯರಿನ ಒಂದು ಲೈನ್ ತಡೆಯುವುದು ಸುಮಾರು 3,680 ವ್ಯಾಟ್. ನೀರು ಕಾಯಿಸುವ ಕೆಟಲ್ 2,000, ಮೈಕ್ರೊವೇವ್ 1,200, ಟೋಸ್ಟರ್ 900 ಎಂದುಕೊಂಡರೆ ಒಟ್ಟು 4,100 ವ್ಯಾಟ್. ಮೂರನ್ನೂ ಒಟ್ಟಿಗೆ ಹಾಕಿದ ಬೆಳಗ್ಗೆ ಆ ಲೈನಿನ ಮಿತಿ ಮೀರುತ್ತದೆ. ಕಟ್ಟೆಯ ಮೇಲಿನ ಸಾಕೆಟ್‌ಗಳಿಗೆ ಎರಡು ಪ್ರತ್ಯೇಕ ಲೈನ್, ಫ್ರಿಜ್ಜಿಗೆ ಒಂದು, ಓವನ್‌ಗೆ ಒಂದು ಎಳೆಸಿ. ನಾಲ್ಕು ವಲಯಗಳ ಇಂಡಕ್ಷನ್ ಒಲೆ ಪೂರ್ತಿ ಉರಿದರೆ 7 ಕಿಲೋವ್ಯಾಟಿನವರೆಗೂ ಎಳೆಯಬಹುದು. ಕೊಳ್ಳುವ ಮೊದಲು ಮನೆಯ ಮಂಜೂರಾದ ಲೋಡ್ ನೋಡಿ. ಇಡೀ ಅಡುಗೆಮನೆಗೆ 30 ಮಿಲಿಆಂಪಿಯರ್ ವಿದ್ಯುತ್ ಸೋರಿದರೆ ತಾನಾಗಿ ಆರಿ ವಿದ್ಯುತ್ ಕಡಿಯುವ ರಕ್ಷಕ ಸ್ವಿಚ್ ಇರಲೇಬೇಕು. ಸಾಕೆಟ್‌ಗಳನ್ನು ಸಿಂಕಿನಿಂದಲೂ ಒಲೆಯ ನೇರ ಮೇಲಿನಿಂದಲೂ ದೂರವಿಡಿ. ಎಷ್ಟು ಸಾಕೆಟ್ ಬೇಕೆಂದು ಎಣಿಸಿದ್ದೀರೋ ಅದಕ್ಕೆ ಎರಡು ಸೇರಿಸಿ.

ಅನಿಲ ಸೋರಿಕೆ ಪತ್ತೆ ಮಾಡುವ ಸಾಧನವನ್ನು ತಪ್ಪು ಎತ್ತರದಲ್ಲಿ ಹಾಕಿರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಆ ಸಾಧನ ನೆಲದ ಹತ್ತಿರವಿರಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೇರುತ್ತದೆ. ಅದಕ್ಕೆ ಚಾವಣಿಯ ಹತ್ತಿರ. ಅನಿಲದ ಕೊಳವೆಯನ್ನು ಗೋಡೆಯೊಳಗೆ ಹೂಳಿಸಿ ಅಂದ ಹೆಚ್ಚಿಸುವ ಆಸೆ ಬೇಡ. ಮುಚ್ಚುವ ಕವಾಟ ಕಪಾಟಿನ ಸಾಮಾನು ತೆಗೆಯದೆಯೇ ಕೈಗೆ ಸಿಗುವಂತಿರಲಿ.

ಹೊಗೆ ಎಳೆಯುವ ಚಿಮಣಿಯ ಬಲವನ್ನು ಕೋಣೆಯ ಗಾತ್ರದಿಂದ ಲೆಕ್ಕ ಹಾಕಬಹುದು. 3 ಮೀಟರ್ ಉದ್ದ, 2.4 ಅಗಲ, 2.7 ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು 19.5 ಘನ ಮೀಟರ್. ಗಂಟೆಗೆ ಹತ್ತರಿಂದ ಹದಿನೈದು ಸಲ ಅದು ಬದಲಾಗಬೇಕೆಂದರೆ 200ರಿಂದ 300 ಘನ ಮೀಟರ್ ಸಾಕು. ಹಜಾರಕ್ಕೆ ತೆರೆದ ಅಡುಗೆಮನೆಯಾದರೆ ಆ ಜಾಗವನ್ನೂ ಸೇರಿಸಿ. ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆಗಿಂತ ಕೊಳವೆಯ ದಾರಿ ಮುಖ್ಯ: 15 ಸೆಂ.ಮೀ. ವ್ಯಾಸ, ಸಾಧ್ಯವಾದಷ್ಟು ನೇರ, ಒಂದು ಅಥವಾ ಎರಡೇ ತಿರುವು. ನಾಲ್ಕು ತಿರುವಿನ ಸುಕ್ಕು ಕೊಳವೆ ಹಾಕಿದರೆ ಎಂಥ ಬಲವಾದ ಯಂತ್ರವೂ ಸದ್ದು ಮಾತ್ರ ಮಾಡುತ್ತದೆ. ಕೊಳವೆಯೇ ಇಲ್ಲದೆ ಇದ್ದಿಲಿನ ಸೋಸುಕದಿಂದ ಗಾಳಿಯನ್ನು ಮತ್ತೆ ಒಳಗೇ ಬಿಡುವ ಬಗೆ ಎಣ್ಣೆಯನ್ನೂ ವಾಸನೆಯನ್ನೂ ಸ್ವಲ್ಪ ಹಿಡಿಯುತ್ತದೆ. ಹಬೆಯನ್ನು ಹಿಡಿಯುವುದಿಲ್ಲ, ಉರಿಯುವ ಅನಿಲದಿಂದ ಹುಟ್ಟುವ ನೈಟ್ರೊಜನ್ ಡೈಆಕ್ಸೈಡ್ ಎಂಬ ಹಾನಿಕರ ಅನಿಲವನ್ನು ನೆಚ್ಚುವಷ್ಟು ತಡೆಯುವುದಿಲ್ಲ. ಬೇರೆ ದಾರಿ ಇಲ್ಲದಾಗ ಮಾತ್ರ ಅದು. ಇನ್ನೊಂದು ಮಾತು: ಗಾಳಿ ಹೊರಹೋಗಬೇಕಾದರೆ ಒಳಬರಬೇಕು. ಕಿಟಕಿ, ಬಾಗಿಲು ಎಲ್ಲ ಬಿಗಿಯಾಗಿ ಮುಚ್ಚಿ ಚಿಮಣಿ ಹಾಕಿದರೆ ಪಕ್ಕದ ಬಚ್ಚಲಿನ ಗಾಳಿ ಒಳಗೆ ಬರುತ್ತದೆ.

ಐದನೆಯದು: ಕಲ್ಲು, ಹಲಗೆ, ಬೆಳಕು

ಕಟ್ಟೆಯ ಕಲ್ಲಿನಲ್ಲಿ ಗ್ರಾನೈಟ್ ಇನ್ನೂ ನನ್ನ ಮೊದಲ ಆಯ್ಕೆ. ಬಿಸಿ ತಡೆಯುತ್ತದೆ, ವರ್ಷಕ್ಕೊಮ್ಮೆ ಸೀಲರ್ ಹಚ್ಚಿದರೆ ಕಲೆಯೂ ಇಳಿಯದು. ಅಮೃತಶಿಲೆ ಸುಣ್ಣದ ಜಾತಿಯದು. ನಿಂಬೆರಸ ಬಿದ್ದಲ್ಲಿ ಹೊಳಪು ಸಾಯುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಕ್ವಾರ್ಟ್ಜ್ ಕಲ್ಲಿನಲ್ಲಿ ಪುಡಿಯನ್ನು ಹಿಡಿದಿಡುವುದು ರಾಳ. ಒಲೆಯಿಂದ ಇಳಿಸಿದ ಪಾತ್ರೆ ನೇರ ಇಟ್ಟರೆ ಆ ರಾಳ ಸುಟ್ಟು ಕಲೆಯಾಗುತ್ತದೆ. ಅದನ್ನು ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ವಿಷ. ಅದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಯಾವ ಕಲ್ಲೇ ಆಗಲಿ, ಮನೆಯೊಳಗೆ ನೀರಿಲ್ಲದೆ ಒಣದಾಗಿ ಕತ್ತರಿಸುವುದು ಬೇಡ. ರಂಧ್ರಗಳನ್ನೂ ಸೇರಿಸಿ ಹೊರಗೆ, ನೀರು ಹರಿಸುತ್ತಾ ಕತ್ತರಿಸಿ ತರಲಿ.

ಲಿಫ್ಟ್ ಅಳೆಯುವುದನ್ನು ಜನ ಮರೆಯುತ್ತಾರೆ. 2 ಸೆಂ.ಮೀ. ದಪ್ಪದ, 3 ಮೀಟರ್ ಉದ್ದದ ಗ್ರಾನೈಟ್ ಕಟ್ಟೆ ಹತ್ತಿರಹತ್ತಿರ 100 ಕಿಲೋ. ಲಿಫ್ಟಿನಲ್ಲಿ ಹಿಡಿಯದಿದ್ದರೆ ಮೆಟ್ಟಿಲು, ಮೆಟ್ಟಿಲಲ್ಲಿ ತಿರುಗದಿದ್ದರೆ ತುಂಡು. ತುಂಡು ಮಾಡಲೇಬೇಕಾದರೆ ಸಂದು ಎಲ್ಲಿ ಬರಬೇಕೆಂದು ಮೊದಲೇ ನೀವು ನಿರ್ಧರಿಸಿ. ಸಿಂಕಿನ ಪಕ್ಕದಲ್ಲಂತೂ ಬೇಡ. ಎತ್ತರದ ಕಪಾಟಿಗೂ ಇಂಥದೇ ಲೆಕ್ಕವಿದೆ. 230 ಸೆಂ.ಮೀ. ಎತ್ತರ, 60 ಆಳದ ಕಪಾಟನ್ನು ಮಲಗಿಸಿ ತಂದು ಎತ್ತಿ ನಿಲ್ಲಿಸಲು ಚಾವಣಿ 238 ಸೆಂ.ಮೀ.ಗಿಂತ ಮೇಲಿರಬೇಕು, ಏಕೆಂದರೆ ತಿರುಗುವುದು ಅದರ ಕರ್ಣ.

ಹಲಗೆಯಲ್ಲಿ ದುಡ್ಡು ಉಳಿಸುವುದಾದರೆ ಮೇಲಿನ ಕಪಾಟುಗಳಲ್ಲಿ ಉಳಿಸಿ. ಸಿಂಕಿನ ಕೆಳಗಿನದಕ್ಕೆ ಕುದಿನೀರಿಗೂ ಅಂಟು ಬಿಡದ ಪ್ಲೈವುಡ್ ಅಥವಾ ಸ್ಟೀಲ್ ಬೇಕು. ಮರದ ಪುಡಿ ಒತ್ತಿ ಮಾಡಿದ ಪುಡಿಹಲಗೆ (ಪಾರ್ಟಿಕಲ್ ಬೋರ್ಡ್) ಒಂದು ಸಲ ನೀರು ಕುಡಿದು ಊದಿದರೆ ಮತ್ತೆ ಕುಗ್ಗುವುದಿಲ್ಲ. ಪೈಪಿಗಾಗಿ ಕೊರೆದ ರಂಧ್ರದ ಹಸಿ ಅಂಚಿಗೂ ಸಿಲಿಕೋನ್ ಹಚ್ಚಿಸಿ. ನೀರು ಒಳನುಗ್ಗುವುದು ಅಲ್ಲಿಂದಲೇ. ಕಪಾಟು ನೆಲಕ್ಕೆ ತಾಗದೆ ಕಾಲುಗಳ ಮೇಲೆ ನಿಲ್ಲಲಿ, ಮುಂದಿನ ಅಡಿಪಟ್ಟಿ ಕಳಚುವಂತಿರಲಿ. ಕಟ್ಟೆಯ ಕೆಳಗೆ ಬಾಗಿಲಿಗಿಂತ ಡ್ರಾಯರ್ ಮೇಲು. ಬಾಗಿಲಿನ ಕಪಾಟಿನಲ್ಲಿ ಹಿಂದಿನ ಪಾತ್ರೆಗೆ ಮಂಡಿಯೂರಬೇಕು, ಡ್ರಾಯರಿನಲ್ಲಿ ಎಲ್ಲವೂ ಮೇಲಿಂದ ಕಾಣುತ್ತದೆ. ಪೂರ್ತಿ ಹೊರಬರುವ, 30ರಿಂದ 50 ಕಿಲೋ ಹೊರುವ ಹಳಿಗಳನ್ನೇ ಕೇಳಿ. ಬಾಗಿಲಿನ ಹೊಳಪಿಗೆ ಕೊಡುವ ಹಣವನ್ನು ಹಳಿಗೆ ಕೊಡಿ.

ಬೆಳಕು: ಚಾವಣಿಯ ನಡುವಿನ ದೀಪ ನಿಮ್ಮ ಬೆನ್ನ ಹಿಂದಿರುತ್ತದೆ, ಕೈ ಕೆಲಸ ನೆರಳಿನಲ್ಲಿರುತ್ತದೆ. ಮೇಲಿನ ಕಪಾಟಿನ ಕೆಳಗೆ, ಮುಂದಿನ ಅಂಚಿಗೆ ಎಲ್‌ಇಡಿ ಪಟ್ಟಿ ಹಾಕಿಸಿ. ಇಷ್ಟೇ.

ಬಾಡಿಗೆ ಮನೆಯವರು ಇದರಲ್ಲಿ ಅಂಟಿಸುವ ದೀಪ, ಚಕ್ರದ ತೆಳು ಕಪಾಟು, ದಪ್ಪ ಮಣೆ ಇಷ್ಟನ್ನು ಮಾಡಿಕೊಂಡು, ಬಿಟ್ಟು ಹೋಗುವಾಗ ಜೊತೆಗೆ ಒಯ್ಯಬಹುದು.

ಆರನೆಯದು: ಕೆಲಸದ ಸರದಿ

ಒಡೆಯುವ ಮೊದಲ ದಿನವೇ ಕೊಳಚೆ ಪೈಪಿನ ಬಾಯಿಗಳನ್ನು ಬಿಗಿಯಾಗಿ ಮುಚ್ಚಿಸಿ. ಒಂದು ಬುಟ್ಟಿ ಸಿಮೆಂಟ್ ಪುಡಿ ಒಳಗೆ ಬಿದ್ದರೆ ಕೆಳಗಿನ ಮಹಡಿಗಳ ಸಿಂಕುಗಳಿಂದ ನೀರು ಉಕ್ಕುತ್ತದೆ. ಒಡೆದ ಅವಶೇಷವನ್ನೂ ಹೊಸ ಟೈಲ್ಸನ್ನೂ ಒಂದೇ ಕಡೆ ರಾಶಿ ಹಾಕಬಾರದು. ವಾಸದ ಮನೆಯ ಸ್ಲ್ಯಾಬಿಗೆ ಬಳಕೆಯ ಭಾರವೆಂದು ಹಿಡಿಯುವುದು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕಿಲೋ ಮಾತ್ರ.

ನಂತರ ಪೈಪು, ತಂತಿ. ಗೋಡೆ ಮುಚ್ಚುವ ಮೊದಲು ನೀರಿನ ಪೈಪಿಗೆ ಒತ್ತಡ ಕೊಟ್ಟು ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕೆಲವು ಗಂಟೆ ನೋಡಬೇಕು. ಅಳತೆ ಪಟ್ಟಿಯನ್ನು ಗೋಡೆಗೆ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಮುಂದೆ ಒಂದು ಮೊಳೆ ಹೊಡೆಯುವಾಗ ಆ ಫೋಟೋದ ಬೆಲೆ ತಿಳಿಯುತ್ತದೆ. ಆಮೇಲೆ ಗಾರೆ, ನೀರು ತಡೆಯುವ ಲೇಪ, ಅದರ ಮೇಲೆ 24 ಗಂಟೆ ನೀರು ನಿಲ್ಲಿಸಿ ಕೆಳಗಿನ ಮನೆಯ ಚಾವಣಿಯ ಪರೀಕ್ಷೆ, ನೆಲದ ಟೈಲ್ಸ್. ಕಪಾಟಿನ ಅಂತಿಮ ಅಳತೆ ಟೈಲ್ಸ್ ಆದ ಮೇಲೆ, ಕಲ್ಲಿನ ಅಳತೆ ಕಪಾಟು ನಿಂತ ಮೇಲೆ. ಒಲೆ, ಸಿಂಕ್, ಓವನ್‌ಗಳ ಮಾದರಿ ಮಾತ್ರ ಕಪಾಟಿನ ನಕ್ಷೆಗೂ ಮೊದಲೇ ನಿರ್ಧಾರವಾಗಿರಬೇಕು. ಬಾಗಿಲಿನ ಬಣ್ಣ ಹೇಳಬೇಕಾದದ್ದು ಕಪಾಟಿಗೆ ಆರ್ಡರ್ ಕೊಡುವಾಗ, ಅಂದರೆ ಟೈಲ್ಸ್ ಆಗಿ ಅಂತಿಮ ಅಳತೆ ಸಿಕ್ಕ ಮೇಲೆ.

ಈ ಅವಧಿಗೆ ಹಜಾರದ ಒಂದು ಮೂಲೆಯಲ್ಲಿ ಮೇಜು, ಒಂದು ಇಂಡಕ್ಷನ್ ಒಲೆ, ನಾಲ್ಕು ಪಾತ್ರೆ ಇಟ್ಟುಕೊಳ್ಳಿ. ಎರಡು ವಾರ ಎಂದು ಹೇಳಿದ ಕೆಲಸಕ್ಕೆ ನಾಲ್ಕು ವಾರದ ತಯಾರಿ ಇರಲಿ.

ಕೊನೆಯ ಕಂತು ಕೊಡುವ ಮೊದಲು

ಸಿಂಕನ್ನು ಅಂಚಿನವರೆಗೆ ತುಂಬಿಸಿ ಒಮ್ಮೆಲೇ ಬಿಡಿ. ಕೆಳಗಿನ ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಸುತ್ತಿ ಹತ್ತು ನಿಮಿಷ ಬಿಟ್ಟು ನೋಡಿ. ಚಿಮಣಿ ಹಾಕಿ ಅದರ ಜಾಲರಿಗೆ ಒಂದು ಟಿಶ್ಯೂ ಹಿಡಿಯಿರಿ. ಕೈ ಬಿಟ್ಟರೂ ಅದು ಅಂಟಿಕೊಂಡಿರಬೇಕು. ರಕ್ಷಕ ಸ್ವಿಚ್ಚಿನ ಪರೀಕ್ಷಾ ಗುಂಡಿ ಒತ್ತಿ. ಅನಿಲದ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಗಮನಿಸಿ. ಡ್ರಾಯರುಗಳಿಗೆ ಭಾರವಾದ ಪಾತ್ರೆಗಳನ್ನೇ ತುಂಬಿ ಎಳೆಯಿರಿ. ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ತೆರೆದು ಒಂದಕ್ಕೊಂದು ಬಡಿಯುತ್ತವೆಯೇ ನೋಡಿ. ಅಂದು ಎಲ್ಲ ಸರಿಯಿದ್ದರೂ ಒಂದಷ್ಟು ಹಣ ಉಳಿಸಿಕೊಂಡು, ಹತ್ತು ದಿನ ಅಡುಗೆ ಮಾಡಿ, ಸಿಂಕಿನ ಕೆಳಗೆ ಮತ್ತೊಮ್ಮೆ ಟಿಶ್ಯೂ ಸುತ್ತಿ. ನಮ್ಮ ಮನೆಯಲ್ಲಿ ಅದು ಒದ್ದೆಯಾದದ್ದು ಒಂಬತ್ತನೇ ದಿನ.